ಗೇಟಿನ ಮುಂದೆ ಎತ್ತಿನ ಕಾಲು ತೊಳೆಯೋ ಬೊಮ್ಮಣ್ಣ

ಕೋಳಿ ಕೂಗಿ ಇನ್ನೂ ಗಂಟಲು ಸರಿ ಮಾಡ್ಕೊಂಡಿಲ್ಲ, ಬೊಮ್ಮಲಿಂಗಪ್ಪ ಆಗ್ಲೇ ಗೇಟಿನ ಮುಂದೆ ಬಂದು ನಿಂತವ್ನೆ. ಹೆಗಲ ಮೇಲೆ ಒಂದು ಬಿಂದಿಗೆ, ಕೈಯಾಗೆ ಇನ್ನೊಂದು. ಹಿಂದೆ ಒಂದು ಮುದಿ ಎತ್ತು. ಹಗ್ಗ ಇಲ್ಲ, ಕೋಲಿಲ್ಲ. ಇಬ್ರದೂ ಒಂದೇ ನಡಿಗೆ. ಯಾರನ್ನ ಯಾರು ಕರ್ಕೊಂಡು ಬರ್ತಾವ್ರೆ ಅಂತ ಹೇಳೋದೇ ಕಷ್ಟ. ಬೊಮ್ಮಣ್ಣ ಬಿಂದಿಗೆ ಇಳಿಸ್ತಾನೆ, ಮಣ್ಣಾಗೆ ಮಂಡಿ ಊರ್ತಾನೆ, ಎತ್ತಿನ ಮುಂಗಾಲು ಎರಡೂ ತೊಳೀತಾನೆ, ಆಮೇಲೆ ಹಿಂಗಾಲು. ಗೊರಸಿನ ಸಂದೀಲಿ ಸೇರಿರೋ ಮುಳ್ಳನ್ನ ಉಗುರಿಂದ ಕೀಳ್ತಾನೆ. ಉಳಿದ ಬಿಂದಿಗೆ ನೀರನ್ನ ಒಂದು ಗಾರೆ ಬಾಂಡ್ಲಿಗೆ ಸುರಿದು ಮುಂದಿಡ್ತಾನೆ. ಎತ್ತು ಕುಡೀತದೆ. ಕುಡಿದು ಗೇಟಿನ ಕಡೆ ಮುಖ ಮಾಡಿ ನಿಲ್ತದೆ. ಗೇಟು ತೆಗೆಯಲ್ಲ. ಒಂದಷ್ಟು ಹೊತ್ತು ನೋಡಿ, ಎತ್ತು ತಾನಾಗೇ ತಿರುಗ್ತದೆ.

ಗೇಟಿನ ಆಕಡೆ ಈಕಡೆ ಗೋಡೆ. ಆ ಗೋಡೆ ಎಷ್ಟುದ್ದ ಅಂದ್ರೆ, ಈ ತುದೀಲಿ ಹತ್ತಿದ ಓತಿಕ್ಯಾತ ಆ ತುದಿ ಮುಟ್ಟೋ ಹೊತ್ತಿಗೆ ಅದಕ್ಕೆ ಮೊಮ್ಮಕ್ಕಳಾಗಿರ್ತಾವೆ. ಒಳಗೆ ಕಿಟಕಿ ಇಲ್ಲದ ದೊಡ್ಡ ದೊಡ್ಡ ಕಟ್ಟಡ, ಅದರ ನೆತ್ತಿ ಮೇಲೆ ಸಾಲಾಗಿ ಫ್ಯಾನು. ಹಗಲೂ ರಾತ್ರಿ ಒಂದೇ ಸದ್ದು, ಹತ್ತೂರಿನ ಹಿಟ್ಟಿನ ಗಿರಣಿ ಒಟ್ಟಿಗೆ ಓಡ್ದಂಗೆ. ಆ ಗೋಡೆ ದಾಟೋವಾಗ ಕಾಗೆ ಬಾಯಿ ಮುಚ್ಕೊಂಡು ಹಾರ್ತದೆ. ಕೂಗಿದ್ರೆ ತನ್ನ ಕಿವಿಗೇ ಕೇಳ್ಸಲ್ವಲ್ಲ, ಯಾಕೆ ಸುಮ್ನೆ ಗಂಟಲು ನೋವು ಅಂತ.

ಗೇಟಿನ ಕಂಬದ ಮೇಲೆ ಒಂದು ಕ್ಯಾಮೆರಾ ಐತೆ. ಬೊಮ್ಮಣ್ಣ ಬಂದ ತಕ್ಷಣ ಅದು ಕತ್ತು ತಿರುಗಿಸ್ತದೆ. ಗೇಟು ಕಾಯೋ ಸುಫಿಯಾನ್ ಚಳ್ಳಕೆರೆ ಪೇಟೆಯ ಹುಡುಗ, ಅವರಪ್ಪ ಬಾಬು ಸಾಬ್ರದು ಟ್ರ್ಯಾಕ್ಟರ್ ಗ್ಯಾರೇಜು. ಅವ್ನು ಹೇಳ್ತಾನೆ: "ಸಮುದ್ರದ ಆಕಡೆ ಕೂತು ಇದನ್ನ ನೋಡೋರು ಅವ್ರೆ ಅಣ್ಣ. ಅಲ್ಲಿಂದ ಫೋನ್ ಬರ್ತದೆ, ಗೇಟ್ ಮುಂದೆ ಪ್ರಾಣಿ ಐತೆ ಓಡ್ಸು ಅಂತ. ಓಡಿಸ್ತಾ ಇದೀನಿ ಸಾರ್ ಅಂತೀನಿ. ಅಷ್ಟರಲ್ಲಿ ಎತ್ತಿಂದು ಕುಡಿದಾಗಿರ್ತದೆ, ಬೊಮ್ಮಣ್ಣ ಚಾಚಾ ಬಾಂಡ್ಲಿ ಬೋರಲು ಹಾಕಿರ್ತಾರೆ. ಓಡ್ತು ಸಾರ್ ಅಂತೀನಿ."

ದಿನಾ ಯಾಕೆ ಇಲ್ಲಿಗೇ ಬಂದು ಈ ಕೆಲಸ ಮಾಡ್ತೀಯ ಅಂತ ಕೇಳಿದ್ರೆ, ಬೊಮ್ಮಣ್ಣ ಪಂಚೆ ತುದಿಯಾಗೆ ಕೈ ಒರೆಸ್ಕೊಳ್ತಾ ಹೇಳ್ತಾನೆ: "ಇದು ನನ್ನ ಕೆಲಸ ಅಲ್ಲ ಕಣಪ್ಪ. ಕಂಪನಿಯೋರದು. ಅವ್ರು ಮರ್ತವ್ರೆ. ಅವ್ರ ಬದ್ಲಿಗೆ ನಾನು ಮಾಡ್ತೀನಿ."

ಬೊಮ್ಮಣ್ಣ ಕಿಲಾರಿ. ಅಂದ್ರೆ ದೇವರ ದನ ಕಾಯೋನು. ತಳಕು ದಾಟಿ ಮೊಳಕಾಲ್ಮೂರು ಕಡೆ ಹೋಗೋ ದಾರೀಲಿ, ಬಲಕ್ಕೆ ಒಳಗೆ ಹೋದ್ರೆ ಜಾಲಿಗುಂಟೆ ಹಟ್ಟಿ ಸಿಗ್ತದೆ. ಅಲ್ಲಿ ದೇವರ ಹೆಸರಾಗೆ ಬಿಟ್ಟಿರೋ ದನ ನೂರರ ಮೇಲೆ ಅವೆ. ಇವು ಯಾರ ಮನೆಯವೂ ಅಲ್ಲ, ಎಲ್ಲರ ಮನೆಯವೂ ಹೌದು. ಮಾರಂಗಿಲ್ಲ, ಉಳೋಕೆ ಹೂಡಂಗಿಲ್ಲ, ಹೊಡೆಯಂಗಿಲ್ಲ. ಸತ್ರೆ ಮನುಷ್ಯರಂಗೆ ಮಣ್ಣು ಮಾಡ್ತಾರೆ. ದನಕ್ಕೆ ಇಷ್ಟು ನೇಮ ಆದ್ರೆ, ಕಾಯೋ ಕಿಲಾರಿಗೆ ಎರಡು ಪಟ್ಟು. ಕಾಲಿಗೆ ಚಪ್ಪಲಿ ಹಾಕಂಗಿಲ್ಲ. ದನದ ರೊಪ್ಪ ಬಿಟ್ಟು ಬೇರೆ ಕಡೆ ಮಲಗಂಗಿಲ್ಲ. ಎಲ್ಲಕ್ಕಿಂತ ಮೇಲೆ, ಆಡಿದ ಮಾತು ತಪ್ಪಂಗಿಲ್ಲ. ಮಾತು ತಪ್ಪಿದ ಕಿಲಾರಿ ರೊಪ್ಪದ ಒಳಗೆ ಕಾಲಿಡಂಗಿಲ್ಲ.

ಬೊಮ್ಮಣ್ಣನ ಸೋದರಮಾವ ಕಿಲಾರಿ ಆಗಿದ್ದ. ಅವ್ನು ಕಣ್ಣು ಮುಚ್ಚಿದಾಗ ಇವ್ನಿಗೆ ಇನ್ನೂ ಮೀಸೆ ಚಿಗುರ್ತಾ ಇತ್ತು. ಅವತ್ತು ಬಿಚ್ಚಿಟ್ಟ ಚಪ್ಪಲಿ ಈಗ್ಲೂ ಅಕ್ಕ ಸೂರಮ್ಮನ ಮನೆ ಅಟ್ಟದ ಮೇಲೆ ಐತೆ, ಇಲಿ ತಿಂದು ಪಟ್ಟಿ ಮಾತ್ರ ಉಳಿದೈತೆ. ಇವ್ನ ಪಾದ ನೋಡ್ಬೇಕು ನೀವು. ಜಾಲಿ ಮುಳ್ಳು ಅದಕ್ಕೆ ಚುಚ್ಚೋಕೆ ಬಂದು, ಮುರಿದು, ಮನೆಗೆ ಹೋಗಿ ಅಳ್ತದೆ. ಈ ಸೀಮೆ ಕಲ್ಲೆಲ್ಲಾ ಇವ್ನ ಪಾದಕ್ಕೆ ಉಜ್ಜಿ ಉಜ್ಜಿ ನುಣ್ಣಗಾಗವೆ ಅಂತ ಹಟ್ಟಿ ಹೆಂಗಸರು ನಗಾಡ್ತಾರೆ.

ಆ ಮುದಿ ಎತ್ತಿಗೆ ಮುತ್ತಯ್ಯ ಅಂತ ಕರೀತಾರೆ. ಹಿಂಡಿಗೆ ಹಿರೀಕ. ಅದು ಎದ್ರೆ ಎಲ್ಲಾ ಏಳ್ತವೆ, ಅದು ನಿಂತ್ರೆ ನಿಲ್ತವೆ. ಹಿಂದೆ ಬೆಳಿಗ್ಗೆ ರೊಪ್ಪ ಬಿಟ್ರೆ ಮುತ್ತಯ್ಯ ಸೀದಾ ಎತ್ತಿನ ಕಟ್ಟೆಗೆ ಹೋಗೋದು. ಹಿಂದೆ ಸಾಲಾಗಿ ಉಳಿದವು. ಆ ಕಟ್ಟೆ ಯಾರು ಕಟ್ಟಿಸಿದ್ರೋ ಯಾರಿಗೂ ಗೊತ್ತಿಲ್ಲ. ಬೇಸಿಗೇಲೂ ತಳದಾಗೆ ಒಂದಷ್ಟು ನೀರು ಇರ್ತಿತ್ತು. ಆ ಕಟ್ಟೆ ಈಗ ಗೋಡೆ ಒಳಗೈತೆ.

ಕಂಪನಿ ಏನು ಮಾಡ್ತದೆ ಅಂತ ಹೇಳ್ಬಿಡ್ತೀನಿ. ನೀವು ಫೋನಾಗೆ ತೆಗೆದ ಫೋಟೋ, ಮಗಳಿಗೆ ಕಳಿಸಿದ ವಾಯ್ಸು, ಸೊಸೈಟಿಯ ಲೆಕ್ಕ, ಆಸ್ಪತ್ರೆಯ ಎಕ್ಸರೇ, ಇವೆಲ್ಲಾ ಗಾಳಿಯಾಗೆ ತೇಲಾಡ್ತಾ ಇರಲ್ಲ. ಎಲ್ಲೋ ಒಂದು ಕಡೆ ಯಂತ್ರದ ಹೊಟ್ಟೇಲಿ ಕೂತಿರ್ತವೆ. ಅಂಥ ಯಂತ್ರ ಜೋಡಿಸಿಡೋ ಗೋಡೌನು ಇದು. ಡಾಟಾ ಸೆಂಟ್ರು ಅಂತಾರೆ. ಆ ಯಂತ್ರಗಳಿಗೆ ಯಾವಾಗ್ಲೂ ಮೈ ಬಿಸಿ. ಜ್ವರ ಇಳಿಸೋಕೆ ತಣ್ಣೀರು ಬೇಕು. ಕಂಪನಿಯೋರಿಗೆ ಅವ್ರ ದೇಶದಾಗೆ ಜಾಗ ಸಾಲ್ದೆ, ಕರೆಂಟು ಸಾಲ್ದೆ, ಪಕ್ಕದ ದೇಶದಾಗೂ ಸಾಲ್ದೆ, ದೇಶ ದೇಶಕ್ಕೆ ಹೋಗಿ ಇಂಥ ಗೋಡೌನು ಕಟ್ತಾ ಬರ್ತಾವ್ರೆ. ಗೇಟಿನ ಪಕ್ಕ ಒಂದು ಬೋರ್ಡು ಐತೆ. ಭೂಪಟ, ಅದರ ತುಂಬಾ ಚುಕ್ಕಿ, ಕೆಳಗೆ ದಪ್ಪ ಅಕ್ಷರದಾಗೆ "ಹೊಸ ದೇಶ, ಹೊಸ ನೆಲ" ಅಂತ ಕನ್ನಡದಾಗೇ ಬರೆದವ್ರೆ.

ಹೊಸ ನೆಲ ಅಂತೆ. ಈ ನೆಲದ ಮೇಲೆ ಬೊಮ್ಮಣ್ಣನ ಮಾವ, ಮಾವನ ಮಾವ, ಅವ್ರು ಕಾದ ದನದ ಮುತ್ತಾತಂದಿರು ನಡೆದು ನಡೆದು ದಾರಿ ಮೊಣಕಾಲುದ್ದ ಗುಂಡಿ ಬಿದ್ದೈತೆ. ವಿಮಾನದಾಗೆ ಬಂದು ಇಳಿದೋನಿಗೆ ಹೊಸದು. ಬೇರೆಯೋರ ಮನೆ ಒಳಗೆ ಹೋಗಿ, ಆಹಾ ಹೊಸ ಮನೆ ಅಂತ ಮಂಚದ ಮೇಲೆ ಕೂತ್ಕೊಂಡ್ರೆ ನಾವು ಏನಂತೀವಿ? ಬೋರ್ಡು ಬರೆದೋನನ್ನ ಇದು ಯಾರೂ ಕೇಳ್ಲಿಲ್ಲ.

ಆದ್ರೆ ಬರೋವಾಗ ಕಂಪನಿ ಬಾಳ ಮರ್ಯಾದೆಯಿಂದ ಬಂತು. ತಳಕಿನ ಲೋಹಿತನ್ನ ಕೆಲಸಕ್ಕೆ ಇಟ್ಕೊಂಡಿತ್ತು, ಊರೋರ ಜೊತೆ ಮಾತಾಡೋಕೆ ಅಂತ. ಇಸ್ತ್ರಿ ಅಂಗಿ, ಕೊರಳಾಗೆ ಕಂಪನಿ ಕಾರ್ಡಿನ ಪಟ್ಟಿ, ಬಾಯಾಗೆ ಬೆಲ್ಲ. ಈ ಸೀಮೇಲಿ ದೇವರೆತ್ತು ಕಾಲಿಡದೆ ಪಾಯ ತೋಡಿದ್ರೆ ಜನ ಒಪ್ಪಲ್ಲ ಅಂತ ಅವ್ನೇ ಕಂಪನಿಗೆ ಹೇಳ್ದ. ಭೂಮಿ ಪೂಜೆ ದಿನ ಮುತ್ತಯ್ಯನ್ನ ಕರೆಸಿದ್ರು. ಪರದೇಶದಿಂದ ಕಂಪನಿಯ ದೊಡ್ಡ ದೊರೆ ಬಂದಿದ್ದ. ಎತ್ತರ ಆಳು. ನಮ್ಮ ಬಿಸಿಲಿಗೆ ಅವ್ನ ಮೂಗು ಟೊಮೇಟೊ ಹಣ್ಣಾಗಿತ್ತು, ಕಿತ್ಕೊಂಡು ಸಾರಿಗೆ ಹಾಕ್ಬೋದಿತ್ತು. ಕೈಗೆ ತಾಮ್ರದ ಚೊಂಬು ಕೊಟ್ರು, ಎತ್ತಿನ ಕಾಲು ತೊಳೀರಿ, ಫೋಟೋ ಚೆನ್ನಾಗಿ ಬರ್ತದೆ ಅಂದ್ರು.

ಈಗ ಕೇಳಿ. ಜಾಲಿಗುಂಟೆ ಹಟ್ಟಿ ಕಡೆ ದೇವರೆತ್ತಿನ ಕಾಲಿಗೆ ನೀರು ಹಾಕೋದು ಆಟ ಅಲ್ಲ. ಒಂದು ಸಲ ಹಾಕಿದ್ರೆ ಆ ಎತ್ತಿಗೂ ನಿಮಗೂ ನೆಂಟಸ್ತನ ಆಯ್ತು. ಅದು ಬದುಕಿರೋ ತನಕ, ಬಂದಾಗೆಲ್ಲಾ ನೀರು ಕೊಡ್ಬೇಕು. ಬಾಗಿಲು ಹಾಕ್ಬಾರ್ದು. ಅದಕ್ಕೇ ಅಲ್ಲಿ ಸಾಹುಕಾರ ಆದ್ರೂ ಚೊಂಬು ಕೈಗೆ ತಗೊಳೋಕೆ ಮುಂಚೆ ಹೆಂಡ್ತಿ ಮುಖ ನೋಡ್ತಾನೆ, ನಡೆಸೋಕಾಗ್ತದಾ ಅಂತ.

ಬೊಮ್ಮಣ್ಣ ಅವತ್ತೇ ತಡೆದು ಕೇಳಿದ್ದ. "ನಾನು ಲೋಹಿತನ್ನ ಕೇಳ್ದೆ, ಲೇ ಲೋಹಿತ, ಇದರ ಅರ್ಥ ಏನು ಅಂತ ದೊರೆಗೆ ಹೇಳಪ್ಪ, ಆಮೇಲೆ ಹಾಕ್ಲಿ ಅಂತ. ಅವ್ನು ಅವ್ರ ಭಾಷೇಲಿ ಏನೋ ಅಂದ. ದೊರೆ ನನ್ನ ನೋಡ್ದ. ನೋಡಿ ಎದೆ ಮೇಲೆ ಕೈ ಇಟ್ಕೊಂಡ. ನಗಲಿಲ್ಲ ಕಣಪ್ಪ, ಗಂಭೀರವಾಗಿ ಇಟ್ಕೊಂಡ. ಆಮೇಲೆ ಬಗ್ಗಿ ತೊಳೆದ. ಎದೆ ಮೇಲೆ ಕೈ ಇಟ್ಟೋನ್ನ ಮತ್ತೇನು ಕೇಳ್ಲಿ?"

ಲೋಹಿತ ಏನು ಅಂದಿದ್ದ ಅಂತ ನಾನು ಅವ್ನನ್ನೇ ಕೇಳ್ದೆ. ತಲೆ ಕೆರ್ಕೊಂಡ. "ಅದೇ... ಹೋಲಿ ಬುಲ್, ವೆರಿ ಲಕ್ಕಿ ಅಂದೆ. ಅಷ್ಟೂ ಬಿಡಿಸಿ ಹೇಳೋಕೆ ಎಲ್ಲಿ ಟೈಮಿತ್ತು, ಫೋಟೋದೋರು ಕಾಯ್ತಿದ್ರು."

ಆ ಫೋಟೋ ಈಗ ಕಂಪನಿಯ ಒಳಗೆ, ಕಾಲಿಟ್ಟ ತಕ್ಷಣ ಕಾಣೋ ಗೋಡೆ ಮೇಲೆ ಬಾಗಿಲಷ್ಟು ದೊಡ್ಡದು ಮಾಡಿ ಹಾಕವ್ರೆ ಅಂತಾನೆ ಸುಫಿಯಾನ್. ದೊರೆ ಪೂರ್ತಿ ಅವ್ನೆ. ಎತ್ತು ಪೂರ್ತಿ ಐತೆ. ಬೊಮ್ಮಣ್ಣನದು ಒಂದು ಮೊಣಕೈ ಮಾತ್ರ ಉಳಿದೈತೆ.

ಪೂಜೆ ಆದ ಮೇಲೆ ಪಂಚಾಯ್ತಿಯೋರು ಅರಳಿ ಕಟ್ಟೆ ಹತ್ರ ಸಭೆ ಕರೆದ್ರು. ತಕರಾರು ಇದ್ರೆ ಈಗ್ಲೇ ಹೇಳಿ ಅಂದ್ರು. ಎತ್ತಿನ ಕಟ್ಟೆ ಗತಿ ಏನು ಅಂತ ಹೆಂಗಸರು ಕೇಳೇ ಕೇಳಿದ್ರು. ದಾರಿ ಬಿಡ್ತಾರೆ ಅಂತ ಲೋಹಿತ ಬಾಯಲ್ಲಿ ಹೇಳ್ದ. ಬರ್ಕೊಡ್ಲಿ ಅಂತ ಹುಡುಗ್ರು ಎದ್ದು ನಿಂತ್ರು. ಆಗ ಬೊಮ್ಮಣ್ಣ ಎದ್ದ. ಸಭೇಲಿ ಅವ್ನು ಬಾಯಿ ಬಿಟ್ಟಿದ್ದು ಅದೇ ಮೊದಲು. "ಎತ್ತಿನ ಕಾಲಿಗೆ ನೀರು ಹಾಕವ್ರೆ. ಅದಕ್ಕಿಂತ ಏನು ಬರ್ಕೊಡ್ಬೇಕು? ಕೂತ್ಕೊಳ್ರಪ್ಪ" ಅಂದ. ಕಿಲಾರಿ ಮಾತು. ಎಲ್ಲರೂ ಕೂತ್ಕೊಂಡ್ರು. ತಕರಾರು ಯಾರದೂ ಇಲ್ಲ ಅಂತ ಆಯ್ತು.

ತಪ್ಪು ಬೊಮ್ಮಣ್ಣಂದೇ ಅನ್ನೋರು ಅವ್ರೆ. ಇರ್ಲಿ. ಮಾತು ಅಂದ್ರೆ ಮಾತು ಅಂತ ನಂಬೋದು ತಪ್ಪಾದ್ರೆ ಅದು ತಪ್ಪೇ. ಆದ್ರೆ ಆ ತಪ್ಪು ಯಾರ ಹೆಗಲ ಮೇಲೆ ಕೂತೈತೆ ನೋಡಿ. ಎದೆ ಮೇಲೆ ಕೈ ಇಟ್ಟೋನು ವಿಮಾನ ಹತ್ತಿ ಹೋದ, ಅವ್ನ ಹೆಗಲು ಹಗುರ. ಬಿಡಿಸಿ ಹೇಳದೋನಿಗೆ ಕೊರಳ ಪಟ್ಟಿ ಬಣ್ಣ ಬದಲಾಗಿ ಮೇಲಿನ ಕೆಲಸ ಸಿಕ್ತು. ಉಳಿದೋನು ಬರಿಗಾಲಿನ ಬೊಮ್ಮಣ್ಣ.

ಗೋಡೆ ಎದ್ದಾಗ ದಾರಿ ಬಿಡ್ಲಿಲ್ಲ. ಎತ್ತಿನ ಕಟ್ಟೆಗೆ ಕರೀ ಪ್ಲಾಸ್ಟಿಕ್ ಹಾಸಿ, ಯಂತ್ರಕ್ಕೆ ನೀರು ತುಂಬೋ ತೊಟ್ಟಿ ಮಾಡ್ಕೊಂಡ್ರು. ಹಿಂಡು ಈಗ ನೀರಿಗೆ ಅಂತ ಆಂಧ್ರದ ಗಡಿ ತನಕ ಹೋಗ್ತದೆ. ಬಿರುಬೇಸಿಗೇಲಿ ಅಲ್ಲೂ ಇಲ್ಲ. ಆಗ ಹಟ್ಟಿ ಹೆಂಗಸರೇ ನಲ್ಲಿ ನೀರು ಹೊತ್ತು ಕಲ್ಲುಬಾನಿ ತುಂಬಿಸ್ಬೇಕು. ಹೆಂಗಸರ ನೀರು ಹೆಂಗಸರಿಗೇ ಸಾಲಲ್ಲ, ಅದರಾಗೆ ನೂರು ಬಾಯಿ. ಮುತ್ತಯ್ಯ ಮಾತ್ರ ಎಲ್ಲಿಗೂ ಹೋಗಲ್ಲ. ಕಾಲು ಸಾಗಲ್ಲ. ಹಳೇ ದಾರಿ ಹಿಡಿದು ಬಂದು ಗೇಟಿನ ಮುಂದೆ ನಿಲ್ತದೆ.

ಸೂರಮ್ಮನ ಬಾಯಿ ಆಗ ನೋಡ್ಬೇಕಿತ್ತು. ಆಯಮ್ಮ ನಲ್ಲಿ ಹತ್ರ ನಿಂತು ಬೈದ್ರೆ ರಾಯದುರ್ಗದ ಬೆಟ್ಟ ಅರ್ಧ ಬಗ್ಗಿ ಕೇಳಿಸ್ಕೊಳ್ತದೆ. "ಲೇ ಬೊಮ್ಮ, ನೀನು ಆಡಿಸಿದ್ದು ಒಂದು ನಾಲಿಗೆ. ಮುರಿದಿದ್ದು ಎಷ್ಟು ಸೊಂಟ ಲೆಕ್ಕ ಹಾಕಲೇ. ಆ ಟೊಮೇಟೊ ಮೂಗಿನೋನು ನಿನಗೆ ಯಾವ ಕಡೆಯಿಂದ ಭಾವ ಆಗ್ಬೇಕು, ಅವ್ನ ಮಾತಿಗೆ ನೀನು ಜಾಮೀನು ನಿಲ್ಲೋಕೆ?" ಅಂದಿದ್ಳು. ಮುದ್ದೆ ಇಡ್ತಿದ್ಳು, ಮಾತಾಡಿಸ್ತಾ ಇರ್ಲಿಲ್ಲ. ಮುದ್ದೆ ತಟ್ಟೆಗೆ ಬೀಳೋ ಸದ್ದಿನಾಗೇ ಎಲ್ಲಾ ಗೊತ್ತಾಗೋದು ಅಂತಾನೆ ಬೊಮ್ಮಣ್ಣ.

ಹಟ್ಟಿ ಯಜಮಾನ ದೊಡ್ಡೀರಪ್ಪ ಪಂಚಾಯ್ತಿ ಸೇರಿಸಿದ. ಕಿಲಾರಿ ಮಾತು ಸುಳ್ಳಾಯ್ತು, ಇವ್ನನ್ನ ರೊಪ್ಪದಿಂದ ಬಿಡಿಸ್ಬೇಕು ಅಂತ ಕೆಲವರು ಪಟ್ಟು ಹಿಡಿದ್ರು. ಬೊಮ್ಮಣ್ಣ ಒಂದೇ ಮಾತು ಕೇಳ್ದ. "ಆ ಬಾಗಿಲಾಗೆ ಮುತ್ತಯ್ಯನಿಗೆ ನೀರು ಸಿಕ್ರೆ ಮಾತು ಉಳಿತದಾ ಇಲ್ವಾ?" ದೊಡ್ಡೀರಪ್ಪ ತೀರ್ಪು ಕೊಟ್ಟ. "ಯಾರು ಕೊಟ್ರು ಅಂತ ಎತ್ತು ಕೇಳಲ್ಲ. ಸಿಕ್ರೆ ಉಳಿತದೆ. ಆದ್ರೆ ಒಂದೇ ಒಂದು ದಿನ ತಪ್ಪಿದ್ರೂ, ಬೊಮ್ಮ, ನೀನು ರೊಪ್ಪದಿಂದ ಆಚೆಗೆ."

ಅವತ್ತಿಂದ ಶುರುವಾಗಿದ್ದು ಈ ಬಿಂದಿಗೆ. ಹಟ್ಟಿಯ ನಲ್ಲಿಯಿಂದ ಗೇಟಿಗೆ ಒಂದು ಮೈಲಿ ಮೇಲೆ. ಹಬ್ಬ ಇಲ್ಲ, ಭಾನುವಾರ ಇಲ್ಲ. ಒಂದು ಸಲ ಚಳಿ ಜ್ವರ ಬಂದು, ಇವ್ನ ಮೈ ನಡುಗಿದ್ದಕ್ಕೆ ಬಿಂದಿಗೆಯಾಗಿರೋ ನೀರು ಮಜ್ಜಿಗೆ ಕಡೆದಂಗೆ ನೊರೆ ಬಂದಿತ್ತು ಅಂತ ಹಟ್ಟಿಯಾಗೆ ಕಥೆ. ಆದ್ರೂ ಬಂದಿದ್ದ. ಯಂತ್ರಕ್ಕೆ ಜ್ವರ ಬಂದ್ರೆ ಒಂದು ಕಟ್ಟೆ ನೀರು. ಇವ್ನಿಗೆ ಜ್ವರ ಬಂದ್ರೆ ಒಂದು ಲೋಟ ಕಷಾಯ.

ಒಳಗೆ ನಲ್ಲಿ ಇಲ್ವಾ ಅಂತ ನೀವು ಕೇಳ್ಬೋದು. ಐತೆ. ಗೇಟು ದಾಟಿದ್ರೆ ಹತ್ತು ಹೆಜ್ಜೆಗೇ ಐತೆ, ಆಚೆಯಿಂದ ಕಾಣ್ತದೆ. ಸುಫಿಯಾನ್ ಮೇಲಿನೋರನ್ನ ಕೇಳೂ ಕೇಳ್ದ, ಚಾಚಾ ಒಳಗೆ ಬಂದು ಎರಡು ಬಿಂದಿಗೆ ಹಿಡ್ಕೊಳ್ಲಿ ಅಂತ. ಹಿಡ್ಕೊಳ್ಲಿ ಅಂದ್ರು, ಆದ್ರೆ ಬೂಟು ಹಾಕ್ಕೊಂಡು ಬರ್ಬೇಕು. ಬೂಟಿಲ್ಲದ ಕಾಲು ಆ ನೆಲ ತುಳಿಯಂಗಿಲ್ಲ, ಸೇಫ್ಟಿ ಅಂತೆ. ಲೋಹಿತ ಒಂದು ಜೊತೆ ಹೊಸ ಬೂಟು ತಂದೂ ಕೊಟ್ಟ. ಬೊಮ್ಮಣ್ಣ ಅದನ್ನ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಇಟ್ಟ. "ಬೂಟು ಹಾಕದಿದ್ರೆ ಅವ್ರು ಒಳಗೆ ಬಿಡಲ್ಲ. ಬೂಟು ಹಾಕಿದ್ರೆ ಮುತ್ತಯ್ಯ ಹತ್ರ ಬಿಟ್ಕೊಳ್ಳಲ್ಲ. ನಾನು ಎಲ್ಲಿ ನಿಲ್ಲಬೇಕು ಹೇಳು."

ಸುಫಿಯಾನ್ ತಾನೇ ಒಂದು ದಿನ ಒಳಗಿಂದ ಬಕೀಟಲ್ಲಿ ನೀರು ತಂದು ಕೊಟ್ಟ. ಕ್ಯಾಮೆರಾ ನೋಡ್ತು. ಫೋನ್ ಬಂತು. ಮರುದಿನದಿಂದ ನಲ್ಲಿಗೆ ಬೀಗ. ನಲ್ಲಿಗೆ ಬೀಗ ಹಾಕೋದನ್ನ ನಾನು ನೋಡಿದ್ದು ಅದೇ ಮೊದಲು. ಸಮುದ್ರದ ಆಕಡೆ ಕೂತ್ಕೊಂಡು ನಮ್ಮ ಸೀಮೆ ಎತ್ತು ಒಂದು ಬಕೀಟು ನೀರು ಕುಡಿಯೋದನ್ನ ಲೆಕ್ಕ ಇಡೋಕೆ ಕಣ್ಣು ಐತೆ ಇವ್ರಿಗೆ. ಅದೇ ಕಣ್ಣಿಗೆ ಗೋಡೆ ಮೇಲಿನ ಫೋಟೋದ ಎತ್ತು, ಗೇಟಿನ ಮುಂದಿನ ಎತ್ತು ಎರಡೂ ಒಂದೇ ಅಂತ ಕಾಣಲ್ಲ.

ಈ ಚೈತ್ರದಾಗೆ ಕಂಪನಿ ಕಟ್ಟಡಗಳ ಎರಡನೇ ಸಾಲು ಶುರು ಮಾಡ್ತು. ಮತ್ತೆ ಪೂಜೆ, ಮತ್ತೆ ಅದೇ ದೊರೆ. ಲೋಹಿತ ಹೂವಿನ ಹಾರದ ಸಮೇತ ನಲ್ಲಿ ಹತ್ರಾನೇ ಬಂದ. ಸುತ್ತ ಹೆಂಗಸರು ಕೊಡ ಹಿಡ್ಕೊಂಡು ನಿಂತಿದ್ರು.

"ಬೊಮ್ಮಣ್ಣ, ಮುತ್ತಯ್ಯನ್ನ ಒಂದು ಗಳಿಗೆ ಕರ್ಕೊಂಡು ಬಾರಪ್ಪ. ದೊರೆಗಳು ಆ ಎತ್ತೇ ಬೇಕು ಅಂತವ್ರೆ, ಹೋದ ಸಲ ಅವ್ರಿಗೆ ಬಾಳ ಒಳ್ಳೇದಾಯ್ತಂತೆ."

"ಬರ್ತದೆ. ಕರೆದ್ರೆ ಬರಲ್ಲ ಅನ್ನಬಾರ್ದು" ಅಂದ ಬೊಮ್ಮಣ್ಣ. "ದೊರೆ ಈ ನಲ್ಲಿಯಿಂದ ಒಂದು ಬಿಂದಿಗೆ ಹೊತ್ಕೊಂಡು ಗೇಟಿನ ತನಕ ಬರ್ಲಿ. ಅದೇ ನೀರಲ್ಲಿ ಕಾಲು ತೊಳೀಲಿ."

"ಅಯ್ಯೋ, ಅವ್ರಿಗೆ ಅಷ್ಟು ಹೊತ್ತು ಎಲ್ಲಿ? ಮರುದಿನ ಇನ್ನೊಂದು ದೇಶದಾಗೆ ಇಂಥದ್ದೇ ಫಂಕ್ಷನ್ ಐತೆ."

"ಹಂಗಾದ್ರೆ ಹಾರ ಅಲ್ಲಿಗೇ ತಗೊಂಡು ಹೋಗು. ಅಲ್ಲೂ ಯಾವ್ದಾದ್ರೂ ಎತ್ತು ಇರ್ತದೆ."

ಸೂರಮ್ಮ ಅಷ್ಟು ದಿನ ತಮ್ಮನ ಮೇಲೆ ಹಲ್ಲು ಕಡೀತಿದ್ದೋಳು, ಅವತ್ತು ಕೊಡ ಕೆಳಗಿಟ್ಟು ನಕ್ಕಳು. "ಲೋಹಿತ, ಹಾರ ಬಾಡ್ತದೆ ಕಣೋ, ನೀನೇ ಹಾಕ್ಕೋ. ನೀನೂ ಅವ್ರು ಎಳೆದ ಕಡೆ ಹೋಗ್ತೀಯಲ್ಲ."

ಕಂಪನಿ ಏನು ಮಾಡ್ತು ಗೊತ್ತಾ? ರಾಯದುರ್ಗದ ಕಡೆಯಿಂದ ಕೋಲೆ ಬಸವನ್ನ ಬಾಡಿಗೆಗೆ ತಂತು. ಮನೆ ಮನೆ ಮುಂದೆ ವಾಲಗ ಊದಿ, ತಲೆ ಅಲ್ಲಾಡಿಸೋ ಬಸವ. ಅದರ ಯಜಮಾನ ಎರ್ರಿಸ್ವಾಮಿ, ತೆಲುಗು ಮನುಷ್ಯ, ಪಾಪ, ಅವ್ನಿಗೆ ಈ ಕಥೆ ಒಂದೂ ಗೊತ್ತಿಲ್ಲ.

ಪೂಜೆ ದಿನ ಬೊಮ್ಮಣ್ಣ ಎಂದಿನಂಗೆ ನಸುಕಿಗೇ ಹೊರಟ. ಅರ್ಧ ದಾರೀಲಿ ಕಬ್ಬಿಣದ ಬೇಲಿ ಅಡ್ಡ ಇಟ್ಟಿದ್ರು. ಹೊಸ ಕಾವಲಿನೋರು, ಬೇರೆ ಊರೋರು. ಇವತ್ತು ಯಾರನ್ನೂ ಬಿಡಂಗಿಲ್ಲ, ದೊಡ್ಡೋರ ಕಾರು ಬರ್ತಾವೆ ಅಂದ್ರು. ಬೊಮ್ಮಣ್ಣ ಕೈ ಮುಗಿದ. ಗೇಟಿನ ತನಕ ಹೋಗಿ ಬರ್ತೀನಿ, ಎತ್ತಿನ ಕಾಲು ತೊಳೆಯೋದು ಅಷ್ಟೇ ಅಂದ. ಇಲ್ಲೇ ತೊಳಿ ಅಂದ್ರು. ಇಲ್ಲಿ ಆಗಲ್ಲ, ಆ ಬಾಗಿಲಾಗೇ ಆಗ್ಬೇಕು ಅಂದ. ನಾಳೆ ಬಾ ಅಂದ್ರು.

ನಾಳೆ ಅನ್ನೋದು ಅವ್ನಿಗೆ ಇರ್ಲಿಲ್ಲ. ಒಂದು ದಿನ ತಪ್ಪಿದ್ರೆ ರೊಪ್ಪದಿಂದ ಆಚೆಗೆ. ಬೇಲಿ ಪಕ್ಕ ನಿಂತ. ಮುತ್ತಯ್ಯನೂ ನಿಂತ್ಕೊಂಡ. ಬಿಸಿಲು ಏರ್ತು. ಅವತ್ತಿನ ಬಿಸಿಲಿಗೆ ರೋಡಿನ ಟಾರು ಎದ್ದು ನೆರಳು ಹುಡುಕ್ಕೊಂಡು ಹೋಯ್ತು. ಪಕ್ಕದಾಗೆ ತುಂಬಿದ ಎರಡು ಬಿಂದಿಗೆ ಇದ್ರೂ ಇವ್ನು ಒಂದು ಗುಟುಕು ಮುಟ್ಲಿಲ್ಲ. ಅದು ಅವ್ನ ನೀರಲ್ಲ. ಕಾರುಗಳು ಧೂಳೆಬ್ಬಿಸ್ಕೊಂಡು ಹೋದ್ವು. ಒಂದು ಕಾರಿನ ಕರೀ ಗಾಜಿನ ಹಿಂದೆ ದೊರೆ ಇದ್ದ. ಫೋಟೋದಾಗಿರೋ ಎತ್ತಿನ ಪಕ್ಕದಾಗೇ ಹಾದು ಹೋದ.

ಒಳಗೆ ನಡೆದಿದ್ದನ್ನ ಸುಫಿಯಾನ್ ಹೇಳ್ತಾನೆ. ದೊರೆ ಮೈಕು ಹಿಡಿದು ಈ ದೇಶದ ಜನಕ್ಕೆ ವಂದನೆ ಅನ್ನೋಕೆ ಹೋಗಿ ಬೇರೆ ಯಾವ್ದೋ ದೇಶದ ಹೆಸರು ಹೇಳ್ದ. ಪಕ್ಕದೋನು ಕಿವೀಲಿ ಊದಿದ ಮೇಲೆ ತಿದ್ಕೊಂಡ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆಮೇಲೆ ಬಸವನ್ನ ಮುಂದೆ ತಂದ್ರು. ಕಂಪನಿಗೆ ಒಳ್ಳೇದಾಗ್ತದಾ ಬಸವಣ್ಣ? ತಲೆ ಅಲ್ಲಾಡಿಸ್ತು. ಊರಿಗೆ ಒಳ್ಳೇದಾಗ್ತದಾ? ಅಲ್ಲಾಡಿಸ್ತು. ಅದಕ್ಕೆ ಕಲಿಸಿರೋದೇ ಅಷ್ಟು. ಅವತ್ತು ಪೆಂಡಾಲಿನಾಗೆ ಅದರ ಜೊತೆ ಇನ್ನೂ ಬಾಳ ಜನ ತಲೆ ಅಲ್ಲಾಡಿಸ್ತಾ ಇದ್ರು, ಅವ್ರಿಗೆ ವಾಲಗಾನೂ ಬೇಕಾಗಿರ್ಲಿಲ್ಲ. ಈ ಸಲ ಕಾಲು ತೊಳೆಯೋ ಕೆಲಸ ಇರ್ಲಿಲ್ಲ. ದೊರೆಯ ಬೂಟಿಗೆ ಕೆಸರು ಸಿಡೀತದೆ ಅಂತ ಹೂವು ಎಸೆದು ಮುಗಿಸಿದ್ರು.

ಹೊತ್ತು ಇಳೀತಾ ಬಂದಾಗ ಕಾರೆಲ್ಲಾ ಹೋದ್ವು, ಬೇಲಿ ಎತ್ತಿದ್ರು. ಬೊಮ್ಮಣ್ಣ ಮರಗಟ್ಟಿದ ಕಾಲು ಎಳ್ಕೊಂಡು ಗೇಟಿಗೆ ಬಂದ. ಸೂರ್ಯ ಇನ್ನೂ ಗೋಡೆ ಮೇಲೆ ಗದ್ದ ಊರ್ಕೊಂಡು ಇವ್ನಿಗೋಸ್ಕರಾನೇ ಕಾಯ್ತಿದ್ದ. ಮಂಡಿ ಊರಿ ಮುತ್ತಯ್ಯನ ನಾಕೂ ಕಾಲು ತೊಳೆದ. ಮಾತು ಉಳೀತು.

ಆವಾಗ ಕಂಡಿದ್ದು ಗೋಡೆ ನೆರಳಾಗೆ ಕೂತಿದ್ದ ಎರ್ರಿಸ್ವಾಮಿ. ಪಕ್ಕದಾಗೆ ಅವ್ನ ಬಸವ, ಬಣ್ಣದ ಜೂಲ ಹೊದ್ಕೊಂಡು ನಾಲಿಗೆ ಆಚೆ ಹಾಕಿತ್ತು. ವಾಪಸ್ ಕಳಿಸ್ತೀವಿ ಅಂದಿದ್ದ ಗಾಡಿ ಬಂದಿರ್ಲಿಲ್ಲ. "ಪೊದ್ದುನ್ನಿಂಚಿ ನೀಳ್ಳು ಲೇವನ್ನಾ" ಅಂದ. ಬೆಳಿಗ್ಗೆಯಿಂದ ನೀರಿಲ್ಲವಂತೆ. ಒಂದು ಕಟ್ಟೆ ನೀರು ಗೋಡೆಯ ಆಕಡೆ ಇಟ್ಕೊಂಡು, ತಮಗೋಸ್ಕರ ತಲೆ ಅಲ್ಲಾಡಿಸಿದ ಮೂಕ ಪ್ರಾಣಿಗೆ ಒಂದು ಬಕೀಟು ಕೊಡ್ಲಿಲ್ಲ.

ಬೊಮ್ಮಣ್ಣ ಉಳಿದಿದ್ದ ಒಂದು ಬಿಂದಿಗೆ ನೋಡ್ದ, ಮುತ್ತಯ್ಯನ್ನ ನೋಡ್ದ. ಬಾಂಡ್ಲಿಗೆ ಸುರಿದು ಎರಡರ ಮಧ್ಯೆ ಇಟ್ಟ. ಎರಡೂ ಒಂದೇ ಬಾಂಡ್ಲಿಗೆ ಮೂತಿ ಇಟ್ವು. ತಳದಾಗೆ ಉಳಿದ ನೀರನ್ನ ಬೊಗಸೇಲಿ ಹಿಡಿದು, ಆ ಬಾಡಿಗೆ ಬಸವನ ಕಾಲ ಹತ್ರ ಬಗ್ಗಿದ.

"ಲೇ ಬೊಮ್ಮ" ಅಂತ ಹಿಂದಿಂದ ದನಿ ಬಂತು. ತಮ್ಮ ಇನ್ನೂ ಊಟಕ್ಕೆ ಬರ್ಲಿಲ್ಲ ಅಂತ ಸೂರಮ್ಮ ಹುಡುಕ್ಕೊಂಡು ಬಂದಿದ್ಳು, ಸೊಂಟದ ಮೇಲೆ ಒಂದು ಕೊಡ. "ಅದರ ಕಾಲಿಗೂ ಹಾಕ್ತೀಯೇನಲೇ? ಹಾಕಿದ್ರೆ ಅದೂ ನೆಂಟ ಆಗ್ತದೆ. ಅದು ಬಂದಾಗೆಲ್ಲಾ ಯಾರಲೇ ಹೊರೋರು?"

"ಅದೇನು ತಪ್ಪು ಮಾಡೈತೆ ಅಕ್ಕ" ಅಂದ ಬೊಮ್ಮಣ್ಣ. ಬೊಗಸೆ ನೀರು ಗೊರಸಿನ ಮೇಲೆ ಬಿಟ್ಟ. ಒಂದು ಕಾಲಿಗಷ್ಟೇ ಸಾಲ್ತು.

ಸೂರಮ್ಮ ಒಂದಷ್ಟು ಹೊತ್ತು ಬೈಕೊಂಡ್ಳು. ಕಂಪನಿನ ಬೈದ್ಳು, ಲೋಹಿತನ್ನ ಬೈದ್ಳು, ತಮ್ಮನ್ನ ಬೈದ್ಳು, ಎರ್ರಿಸ್ವಾಮಿಗೂ ಅವ್ನ ಭಾಷೇಲೇ ಎರಡು ಬೈದ್ಳು. ಆಮೇಲೆ ಸೊಂಟದ ಕೊಡ ಇಳಿಸಿ ಉಳಿದ ಮೂರು ಕಾಲು ತಾನೇ ತೊಳೆದ್ಳು.

ಈಗ ಗೇಟಿಗೆ ಬರೋ ಬಿಂದಿಗೆ ಮೂರಾಗವೆ. ಮೂರನೇದು ಸೂರಮ್ಮಂದು. ಎರ್ರಿಸ್ವಾಮಿ ಬಸವ ತಿರುಗಾಟದಾಗೆ ಈ ಕಡೆ ಬಂದ್ರೆ ಇರ್ಲಿ ಅಂತ. ಬರದಿದ್ದ ದಿನ ಆ ನೀರು ಗೇಟಿನ ಪಕ್ಕ ಒಂದು ಬೇವಿನ ಸಸಿಗೆ ಹೋಗ್ತದೆ. ಸಸಿ ಹೊಸದು, ಯಾರೂ ನೆಟ್ಟಿಲ್ಲ. ಕ್ಯಾಮೆರಾ ಅದನ್ನೂ ನೋಡ್ತಾ ಐತೆ, ಫೋನು ಇನ್ನೂ ಬಂದಿಲ್ಲ.

ಸಿಟ್ಟು ಬರಲ್ವಾ ಬೊಮ್ಮಣ್ಣ ಅಂತ ಕೇಳ್ದೆ. ಬಾಂಡ್ಲಿ ಬೋರಲು ಹಾಕ್ತಾ ಹೇಳ್ದ.

"ಬರ್ತದೆ. ಬಾಳ ಬರ್ತದೆ. ಮುತ್ತಯ್ಯನ ಮುಂದೆ ತೋರ್ಸಂಗಿಲ್ಲ ಅಷ್ಟೇ. ಅವತ್ತು ಆ ದೊರೆ ಎದೆ ಮೇಲೆ ಕೈ ಇಟ್ಕೊಂಡ್ನಲ್ಲ, ನಾನು ಕಣ್ಣಾರೆ ನೋಡಿದೀನಿ. ಮುತ್ತಯ್ಯ ಬದುಕಿರೋ ತನಕ ಆ ಕೈ ಸುಳ್ಳಾಗ್ಬಾರ್ದು. ಅವ್ನಿಗೆ ಅದು ಬೇಡವಾಗಿರ್ಬೋದು. ಮುತ್ತಯ್ಯ ನಂಬೈತೆ."